ತುಟಿ ನೋಡುವ ಇಮಾಮ ಕಾಕಾ

ಇಮಾಮ ಕಾಕಾ ಎದುರಿಗಿದ್ದವರ ಕಣ್ಣು ನೋಡಿ ಮಾತಾಡಿದವರೇ ಅಲ್ಲ. ಅವರ ನೋಟವೆಲ್ಲ ತುಟಿಯ ಮೇಲೆ. ಅಫಜಲಪುರದ ಸಂತೆಯಲ್ಲಿ ಮೆಣಸಿನಕಾಯಿ ಮಾರುವಾಕೆ ಒಮ್ಮೆ ರೇಗಿ, “ನನ್ನ ಬಾಯಾಗ ಏನ್ ಹುಡಕಾಕತ್ತಿಯೋ ಯಣ್ಣಾ?” ಎಂದು ಕೇಳಿಯೇಬಿಟ್ಟಳು. ಕಾಕಾ ನಾಚಿ, ಅರ್ಧ ಕಿಲೊ ಸಾಕಿದ್ದಲ್ಲಿ ಒಂದು ಕಿಲೊ ಕೊಂಡು ಬಂದರು.

ಅವರ ಕಸುಬೇ ಹಾಗಿತ್ತು. ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ಅಂಗಡಿ. ಜನ ಮೊಬೈಲಿನಲ್ಲಿ ಹಿಡಿದು ತಂದ ಮದುವೆ, ತೊಟ್ಟಿಲ ವಿಡಿಯೊಗಳನ್ನು ಟೀವಿಯಲ್ಲಿ ನೋಡುವಂತೆ ಡಿವಿಡಿಗೆ ಹಾಕಿಕೊಡುತ್ತಿದ್ದರು. ಹಾಗೆ ಹಾಕುವಾಗ ಚಿತ್ರ ಮುಂದೆ, ಸದ್ದು ಹಿಂದೆ ಜಾರುವುದುಂಟು. ಕಾಕಾ ಅಷ್ಟಕ್ಕೇ ಬಿಡುವವರಲ್ಲ. ತೆಂಗಿನಕಾಯಿ ಒಡೆಯುವ ಗಳಿಗೆಯನ್ನು ಹುಡುಕಿ, ಕಲ್ಲಿಗೆ ಕಾಯಿ ತಾಗುವುದಕ್ಕೂ ಅದರ ಸದ್ದಿಗೂ ಸರಿಯಾಗಿ ಗಂಟು ಹಾಕುವರು. ಆಮೇಲೆ ತುಟಿ ನೋಡುವರು. “ಬಾಯಿ ತೆರೆದಾಗ ಮಾತ ಬರಬೇಕ್ರಿ. ಇಲ್ಲಂದ್ರ ಅದು ಮನಷ್ಯಾ ಅಲ್ಲ, ಗೊಂಬಿ” ಎನ್ನುವರು. ಡಿಸ್ಕನ್ನು ಕೈಗಿಟ್ಟು ಕಳಿಸುವ ರೂಢಿಯೂ ಇರಲಿಲ್ಲ. ಮನೆಗೇ ಬಂದು, ಮನೆಯವರ ಜೊತೆ ಕೂತು ಪೂರ್ತಿ ನೋಡಿಯೇ ಏಳುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ನಮ್ಮಲ್ಲಿ ಉಳಿದದ್ದು ಅವನ ಒಂದೇ ಒಂದು ವಿಡಿಯೊ. ಗಾಣಗಾಪುರದಲ್ಲಿ ಅಕ್ಕ ಹೊಸ ಮನೆ ಹೊಕ್ಕ ದಿನ ನಾನು ಮೊಬೈಲಿನಲ್ಲಿ ಹಿಡಿದದ್ದು. ಅಪ್ಪ ಕಾಯಿ ಒಡೆದು, ತಿರುಗಿ, ಊಟ ಆಯಿತೇ ಎಂದು ಅವ್ವನನ್ನು ಕೇಳುತ್ತಾನೆ, ಅಷ್ಟೇ. ಅವ್ವನ ಕಣ್ಣಿಗೆ ಮೊಬೈಲು ತೀರ ಸಣ್ಣದು. ಮನೆಯಲ್ಲಿ ಹಳೆಯ ಟೀವಿ, ಡಿವಿಡಿ ಪ್ಲೇಯರ್ ಇದ್ದವು. ನಾನು ಕಲಿಸುವ ಜೇವರ್ಗಿಯ ಶಾಲೆಗೆ ರಜೆ ಹಾಕಿ ಬಂದು ವಿಡಿಯೊ ಕಾಕಾಗೆ ಕೊಟ್ಟೆ. ಅವ್ವ ಅಪ್ಪನನ್ನು ಕಣ್ತುಂಬ ನೋಡಲಿ ಎಂಬುದೊಂದೇ ನನ್ನ ಆಸೆ.

ಡಿಸ್ಕು ಚೆನ್ನಾಗಿಯೇ ಬಂದಿತ್ತು. ಅವ್ವ ನೋಡಿದಳು, ಮುಖ ತಿರುಗಿಸಿದಳು.

“ಇದು ಅವರಲ್ಲ ಬಿಡ್ರಿ.”

ಕಾಕಾ ಬೆಚ್ಚಿದರು. “ಯಾಕ್ರಿ ಅಕ್ಕಾರ? ತುಟಿಗೂ ಮಾತಿಗೂ ಕೂದಲೆಳಿ ಫರಕ್ ಇಲ್ಲ ನೋಡ್ರಿ!”

“ಅವ್ರು ಮೊದಲ ತುಟಿ ಆಡಸ್ತಿದ್ರು. ಮಾತು ಆಮ್ಯಾಲ ಬರ್ತಿತ್ತು.”

ಹುಟ್ಟಿದಾಗಿನಿಂದ ಅಪ್ಪನ ಮುಂದೆಯೇ ಬೆಳೆದ ನನಗೆ ಅದು ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು. ಕಾಕಾ ಎದ್ದು ಪ್ಲೇಯರಿನಿಂದ ಡಿಸ್ಕು ಹೊರತೆಗೆದರು.

“ಕಾಯಿಗೆ ಹೊಂದಿಸಿದಾಗ ಮಾತು ತಡಾ ಬರ್ತಿತ್ರಿ. ನಾ ಅದು ತಪ್ಪಂತ ತಿಳಿದು, ಅಲ್ಲಷ್ಟ ದನಿ ಮುಂದಕ್ಕ ಎಳದೆ. ಇಷ್ಟ ವರ್ಷ ಸದ್ದು ತಿದ್ದಿದೆ, ಇವತ್ತ ಮನಷ್ಯಾನ್ನೇ ತಿದ್ದಿಬಿಟ್ಟೆ. ಮಾಫ್ ಮಾಡ್ರಿ ಅಕ್ಕಾರ.”

ನಾಲ್ಕು ದಿನ ಬಿಟ್ಟು ಬೇರೆ ಡಿಸ್ಕು ಹಿಡಿದು ಬಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಆ ಮಳೆಗಾಲದಲ್ಲಿ ಕಾಕಾ ತೀರಿಕೊಂಡರಂತೆ. ಜೇವರ್ಗಿಯಲ್ಲಿದ್ದ ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿತ್ತು. ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಅವತ್ತು, ಕಾಕಾ ತಂದ ಆ ಎರಡನೇ ಡಿಸ್ಕು ಹಾಕಿದಾಗ, ಟೀವಿಯಲ್ಲಿ ಕಾಯಿ ಒಡೆಯಿತು. ಅಪ್ಪ ತಿರುಗಿದ. ತುಟಿ ಅಲ್ಲಾಡಿತು, ದನಿ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲೇ ಅವ್ವ ಟೀವಿಯ ಕಡೆ ನೋಡುತ್ತ, “ಹ್ಞೂಂ, ಆತು. ನೀವ ಉಣ್ಣಬರ್ರಿ” ಅಂದಳು. ಆಮೇಲೆ ಅಪ್ಪನ ದನಿ ಬಂತು:

“ಉಂಡಿ ಏನ?”

ಕಾಕಾ ಅವ್ವನ ಬೆನ್ನಿಗೇ ಕೈಮುಗಿದರು. ಸದ್ದಾಗದಂತೆ ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು. ನಾನು ಕರೆಯಲಿಲ್ಲ. ಕರೆಯಬೇಕಿತ್ತು.