ರಫೂ ಭಾವನ ಗಾಡಿಗೆ ಹಾಕಿದ ಬೆಳಕು

ಒಂದಿಡೀ ಭಾನುವಾರ ಬೆನ್ನು ಬಗ್ಗಿಸಿ ನಾನು ಹಾಕಿಕೊಟ್ಟ ಎಲ್‌ಇಡಿ ದೀಪಗಳನ್ನು ನಮ್ಮ ಭಾವ ‘ಆಸ್ಪತ್ರೆ ಬೆಳಕು’ ಎಂದು ಕರೆದದ್ದನ್ನು ನಾನಿನ್ನೂ ಮರೆತಿಲ್ಲ. ಮರೆಯುವವನೂ ಅಲ್ಲ. ಸುಮ್ಮನೆ ಕರೆದಿದ್ದರೆ ಹಾಳಾಗಲಿ ಎಂದು ಬಿಡುತ್ತಿದ್ದೆ. ಕೆಲಸ ಮುಗಿದ ಮೇಲೆ ಗಾಡಿಯೊಳಗೆ ಕಾಲಿಟ್ಟವನೇ ನಾಲಿಗೆ ಹೊರಗೆ ಚಾಚಿ, “ನೋಡಿ ಡಾಕ್ಟ್ರೇ, ಇನ್ನೆಷ್ಟು ದಿನ ಬದುಕ್ತೀನಿ?” ಎಂದು ನನ್ನನ್ನೇ ಕೇಳಿದ. ಅಕ್ಕ ಬಿದ್ದು ಬಿದ್ದು ನಕ್ಕಳು. ಒಡಹುಟ್ಟಿದವಳು!

ಭಾವನದು ರಫೂ ಕೆಲಸ. ಹರಿದ ಕೋಟು, ಇಲಿ ಕಡಿದ ಶಾಲು, ಸಿಗರೇಟಿನ ಕಿಡಿ ಬಿದ್ದ ಪ್ಯಾಂಟು, ಏನೇ ತಂದುಕೊಡಿ, ಅದೇ ಬಣ್ಣದ ಎಳೆಗಳನ್ನು ಒಂದೊಂದಾಗಿ ಹೆಣೆದು, ತೂತು ಎಲ್ಲಿತ್ತೆಂದು ಹಾಕಿಕೊಂಡವನಿಗೇ ತಿಳಿಯದಂತೆ ಮಾಡುತ್ತಾನೆ. ಸಂತೆಯವರೆಲ್ಲ ಅವನನ್ನು ‘ತೂತು ಡಾಕ್ಟರ್’ ಎನ್ನುತ್ತಾರೆ. ಊರಿಂದೂರಿಗೆ ಓಡಾಟ ಒಂದು ಹಳೆಯ ಮನೆಗಾಡಿಯಲ್ಲಿ. ಒಳಗೆ ಮಂಚ, ಒಲೆ, ಬ್ಯಾಟರಿಯ ಪಂಪು ತಿರುಗಿದರೆ ಮಾತ್ರ ನೀರು ಬಿಡುವ ನಲ್ಲಿ, ಎಲ್ಲವೂ ಉಂಟು. ಓಡಿಸುವವಳು ಅಕ್ಕ. ಭಾವ ಕಲಿಯಲು ಹೋಗಿ ಯಾರದೋ ಗೇಟು ಮುರಿದ ದಿನವೇ, “ಹೊಲಿಯೋಕೆ ಬರದೇ ಇರೋದನ್ನ ನಾನು ಹರಿಯಲ್ಲ” ಎಂದು ಸ್ಟೀರಿಂಗಿಗೆ ಕೈಮುಗಿದು ಇಳಿದುಬಿಟ್ಟ.

ಗಾಡಿಗೆ ಇದ್ದದ್ದು ಒಂದೇ ದೊಡ್ಡ ಕಿಟಕಿ. ಅದಕ್ಕೂ ಈ ಮಹಾಶಯ ಅಡ್ಡ ಹಲಗೆ ಬಡಿದು, ಸಾಲು ಸಾಲು ಮೊಳೆ ಹೊಡೆದು, ದಾರದ ಉಂಡೆ ಸಿಕ್ಕಿಸಿದ್ದಾನೆ. ತಿಳಿಗೆಂಪಿನಿಂದ ಕಡುಗೆಂಪು, ಅಲ್ಲಿಂದ ಕಂದು, ಕಪ್ಪು. ಹಾಡುಹಗಲಲ್ಲೂ ಹಳದಿ ಬಲ್ಬು ಉರಿಸಿಕೊಂಡು, ಅದರ ಬೆಳಕಿನಲ್ಲೇ ಇಷ್ಟು ವರ್ಷ ಆ ಸಾಲುಗಳನ್ನು ಜೋಡಿಸಿದ್ದ. ಎರಡು ತುಟಿಗಳ ನಡುವೆ ಸೂಜಿ ಕಚ್ಚಿಕೊಂಡು, ತಲೆ ಎತ್ತದೆ ಕೈ ಚಾಚಿದರೆ ಬೇಕಾದ ಉಂಡೆಯೇ ಬೆರಳಿಗೆ ಬರುತ್ತಿತ್ತು.

ನನ್ನದು ಗಾಡಿಗಳ ವೈರಿಂಗ್ ಮಾಡುವ ಶೆಡ್ಡು. ಅಕ್ಕ ಫೋನು ಮಾಡಿ, “ತಮ್ಮಾ, ನಿಮ್ಮ ಭಾವನ ಬಲ್ಬುಗಳು ಮಧ್ಯಾಹ್ನದ ಹೊತ್ತಿಗೇ ಬ್ಯಾಟರಿ ಕುಡಿದು ಮುಗಿಸ್ತಾವೆ. ಕೈಗೆ ಸೋಪು ಹಚ್ಚಿಕೊಂಡಾಗ ನೀರು ನಿಲ್ಲುತ್ತೆ ಕಣೋ” ಎಂದು ಅತ್ತುಕೊಂಡಿದ್ದಕ್ಕೇ ನಾನು ಹೋದದ್ದು. ಹಳೆ ಬಲ್ಬಿಗೆ ತಂತಿ ಹಿಂದುಮುಂದಾದರೂ ನಡೆಯುತ್ತದೆ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಸರಿಯಿರಲೇಬೇಕು. ಗಾಡಿಯ ಮೊದಲಿನ ಮಾಲೀಕ ಯಾರೋ ಪುಣ್ಯಾತ್ಮ ಅರ್ಧ ತಂತಿಗಳನ್ನು ಅದಲುಬದಲು ಮಾಡಿದ್ದ. ಒಂದು ಹೊತ್ತಿದರೆ ಇನ್ನೊಂದು ಇಲ್ಲ. ಅವನ ವಂಶವನ್ನೆಲ್ಲ ನಾನು ಬೈಯುತ್ತಿದ್ದರೆ ಮಂಚದ ಮೇಲಿಂದ ಭಾವ, “ಬಾಯ್ಲರ್, ಆವಿ ಸ್ವಲ್ಪ ಕಿಟಕಿ ಕಡೆ ಬಿಡು” ಎನ್ನುತ್ತಿದ್ದ. ಯಾವ ಕಿಟಕಿ? ಕೊನೆಗೆ ಬಿಸಿ ಬಲ್ಬೊಂದು ಬೆರಳು ಸುಟ್ಟಿತು. ಬಿಚ್ಚಿದ ಬಲ್ಬುಗಳನ್ನೆಲ್ಲ ಗೋಣಿಯೊಳಗೆ ಹಾಕಿ ಬೂಟುಗಾಲಿನಲ್ಲಿ ತುಳಿದೆ. ಸಮಾಧಾನವಾಯಿತು.

ಮರುದಿನ ಭಾವನ ಮುಂದಿದ್ದದ್ದು ವಾದ್ಯದ ತಂಡವೊಂದರ, ಬೆನ್ನು ತೂತಾದ ಕೆಂಪು ಕೋಟು. ತಂಡದ ಮೇಷ್ಟ್ರು ಪರೀಕ್ಷೆಗೆಂದು ಒಂದನ್ನು ಕೊಟ್ಟಿದ್ದರು. ಇದು ಒಪ್ಪಿಗೆಯಾದರೆ ಮಿಕ್ಕ ಕೋಟುಗಳೆಲ್ಲ ಇಲ್ಲಿಗೇ. ಮಳೆಗಾಲ ಕಳೆಯುವ ತನಕ ಗಾಡಿಯನ್ನು ಒಂದೇ ಕಡೆ ನಿಲ್ಲಿಸಬಹುದು. ಇಲ್ಲವಾದರೆ ಅಕ್ಕ ಸವೆದ ಟೈರಿನಲ್ಲಿ ಕೆಸರು ರಸ್ತೆಗಳನ್ನು ಸುತ್ತಬೇಕು. ಹಿಂದಿನ ವರ್ಷ ಹಾಗೇ ಹೋಗಿ ಗಾಡಿ ಹಳ್ಳಕ್ಕೆ ಜಾರಿತ್ತು. ಅಂದಿನಿಂದ ಮೋಡ ಕಂಡರೆ ಅವಳು ಮೊದಲು ಹೋಗಿ ಟೈರು ಮುಟ್ಟಿ ನೋಡುತ್ತಾಳೆ.

ಮಧ್ಯಾಹ್ನ ಅಕ್ಕ ಕೋಟನ್ನು ಕೊಡವಲು ಹೊರಗೆ ಒಯ್ದಳಂತೆ.

“ರೀ, ಬನ್ನಿ ಇಲ್ಲಿ! ಕೋಟಿನ ಬೆನ್ನಿಗೆ ಇಟ್ಟಿಗೆ ಬಣ್ಣ ಕೂರಿಸಿದೀರಲ್ಲ!”

ಫೋನು ಬಂದದ್ದು ನನಗೆ. ಹೋದವನೇ ಹಾರಾಡಿದೆ. “ದಾರ ಆರಿಸಿದ್ದು ನಾನಾ? ಕಣ್ಣು ನಿನ್ನದು, ಕೈ ನಿನ್ನದು, ತಪ್ಪು ಮಾತ್ರ ನಂದಾ?”

“ಕಣ್ಣೂ ಅದೇ, ಕೈಯೂ ಅದೇ. ನೀನು ಹೋದ ಮೇಲೆ ನನ್ನ ದಾರಗಳೆಲ್ಲ ನೆಂಟಸ್ತನ ಬದಲಾಯಿಸಿಕೊಂಡಿವೆ, ಭಾಮೈದ. ನೀನೇ ನೋಡು.”

ಅಕ್ಕಪಕ್ಕದ ಎರಡು ಉಂಡೆ ಕೈಗೆ ಕೊಟ್ಟ. ನನ್ನ ದೀಪದ ಕೆಳಗೆ ಎರಡೂ ಅವಳಿ ಜವಳಿ. ಮೆಟ್ಟಿಲಿಳಿದು ಬಿಸಿಲಿಗೆ ಹಿಡಿದೆ. ಒಂದು ಕೆಂಪು, ಇನ್ನೊಂದು ಇಟ್ಟಿಗೆ. ನಾನು ತಂದಿದ್ದ ಅಗ್ಗದ ಪ್ಯಾಕೆಟ್ಟಿನ ದೀಪ ಕೆಂಪನ್ನು ಅರ್ಧ ನುಂಗಿಹಾಕಿತ್ತು. ನಾನು ಮತ್ತೆ ಒಳಗೆ ಬಂದು, ಮತ್ತೆ ಹೊರಗೆ ಹೋಗಿ ನೋಡಿದೆ.

“ಬಿಸಿಲಲ್ಲೇ ಕೂತು ಬಿಚ್ಚಿ ಮಾಡ್ರೀ. ಸಂಜೆಗೆ ಮೇಷ್ಟ್ರು ಬರ್ತಾರೆ” ಎಂದಳು ಅಕ್ಕ. ಭಾವ ಕೂತ. ಗಾಳಿಗೆ ಎಳೆ ಹಾರಿತು. ಗುಹೆಯಲ್ಲಿ ಪಳಗಿದ ಕಣ್ಣು, ಬಿಸಿಲಿಗೆ ಬಳಬಳನೆ ನೀರು ಸುರಿಸಿತು. “ಒಂದೇ ಒಂದು ಹಳೇ ಬಲ್ಬು ಕೊಡು, ಮಾಡಿಬಿಡ್ತೀನಿ” ಎಂದ. ಅಕ್ಕ ಗೋಣಿಚೀಲವನ್ನು ಅಲ್ಲಾಡಿಸಿದಳು. ಗಾಜಿನ ಪುಡಿ ಜಲಜಲ ಎಂದಿತು. ಇಬ್ಬರೂ ನನ್ನ ಬೂಟು ನೋಡಿದರು.

ಬೀದಿಯ ಅಂಗಡಿಗಳಿಗೆಲ್ಲ ಓಡಿದೆ. “ಈ ಕಾಲದಲ್ಲಿ ಅದನ್ನ ಯಾರಣ್ಣ ಇಡ್ತಾರೆ?” ಎಂದು ನಕ್ಕರು. ವಾಪಸು ಬರುವಾಗ ಗಾಡಿಯ ಪಕ್ಕದಲ್ಲೇ ನಿಂತಿದ್ದ ಚಾಕು ಸಾಣೆ ಹಿಡಿಯುವವನ ವ್ಯಾನಿನ ಚಾವಣಿಯಲ್ಲಿ ಅದೇ ಜಾತಿಯ ಬಲ್ಬು ಕಂಡಿತು. ಕೇಳಿದೆ. ನನಗೆ ಕೇಳಿ ಅಭ್ಯಾಸವಿಲ್ಲ, ಆದರೂ ಕೇಳಿದೆ.

“ತಗೋ. ಚಕ್ರ ತಿರುಗಿದ್ರೆ ನಂಗೆ ಕಿಡೀನೇ ದೀಪ” ಎಂದು ಅವನು ತಾನೇ ತಿರುಗಿಸಿ ಬಿಚ್ಚಿಕೊಟ್ಟ. “ಆದ್ರೆ ವಾಪಸ್ ಕೊಡಬೇಕು.”

“ನಾಳೆ ಹೊಸ ಎಲ್‌ಇಡೀನೇ ಹಾಕಿಕೊಡ್ತೀನಿ.”

“ಬೇಡಪ್ಪಾ, ನಿಮ್ಮ ಎಲ್‌ಇಡಿ ಗಲಾಟೆ ಆಗಿಂದ ಕೇಳ್ತಾನೇ ಇದೀನಿ. ಬಲ್ಬೇ ಕೊಡು.”

ಭಾವ ಕೂರುವ ಜಾಗದ ಮೇಲಿದ್ದ ಎಲ್‌ಇಡಿಯೊಂದನ್ನು ಕಿತ್ತು ಆ ಬಲ್ಬು ಹಾಕಿದೆ. ಉಳಿದವೆಲ್ಲ ಎಲ್‌ಇಡಿಯಾದ್ದರಿಂದ ಇದೊಂದರ ಹೊಟ್ಟೆ ತುಂಬಿಸುವುದು ಬ್ಯಾಟರಿಗೆ ಲೆಕ್ಕವೇ ಅಲ್ಲ. ಹಳದಿ ಬೆಳಕು ಹಲಗೆಯ ಮೇಲೆ ಬಿದ್ದದ್ದೇ ತಡ, ಭಾವ ತುಟಿಗೆ ಸೂಜಿ ಸಿಕ್ಕಿಸಿಕೊಂಡ. ಸದ್ಯ, ಮಾತು ನಿಂತಿತು.

ಸಂಜೆ ಮೇಷ್ಟ್ರು ಕೋಟನ್ನು ಹೊರಗೆ ಒಯ್ದು ತಿರುಗಿಸಿದರು, ಮಗುಚಿದರು, ಮೂಗಿನ ಹತ್ತಿರ ಹಿಡಿದರು.

“ತೂತು ಎಲ್ಲಿತ್ತು?”

“ನೀವೇ ಹುಡುಕಿಕೊಡಿ ಸಾರ್, ನಂಗೂ ಮರೆತುಹೋಯ್ತು” ಎಂದ ಭಾವ.

ಮರುದಿನ ಕೋಟುಗಳ ದೊಡ್ಡ ಗಂಟು ಬಂದು ಬಿತ್ತು. ಅಕ್ಕ ಗಾಡಿಯ ಚಕ್ರಗಳಿಗೆ ಕಲ್ಲು ಕೊಟ್ಟು, ಕೀಲಿಯನ್ನು ಸಕ್ಕರೆ ಡಬ್ಬಿಯಲ್ಲಿ ಹಾಕಿಟ್ಟಳು. ಬಲ್ಬು ಬಿಚ್ಚಲು ಸ್ಟೂಲು ಹತ್ತಿದ ನನ್ನ ಪ್ಯಾಂಟು ಹಿಡಿದೆಳೆದು ಭಾವ, “ಕೋಟು ಮುಗೀಲಿ ತಡಿ, ಸಾಣೆಯವನು ಎಲ್ಲಿ ಹೋಗ್ತಾನೆ?” ಎಂದ. ಸಾಣೆಯವನು ಹೋದ. ಮಳೆ ಶುರುವಾದ ವಾರದಲ್ಲೇ ವ್ಯಾನು ಇರಲಿಲ್ಲ. ಯಾವ ದಾರಿ ಹಿಡಿದನೋ ಸಂತೆಯಲ್ಲಿ ಯಾರಿಗೂ ಗೊತ್ತಿಲ್ಲ.

“ಕೇಳಿ ತಂದವನು ನೀನು, ನಿಂದೇ ಸಾಲ” ಎನ್ನುತ್ತಾನೆ ಭಾವ. “ಉರಿಸ್ತಾ ಕೂತಿರೋನು ನೀನು, ನಿಂದೇ” ಎನ್ನುತ್ತೇನೆ ನಾನು. ಪಾಪ, ಸಾಣೆಯವನು ಎಲ್ಲೋ ಕಿಡಿಯ ಬೆಳಕಿನಲ್ಲೇ ಊಟ ಮಾಡುತ್ತಿರಬೇಕು.