ಶಾಮ್‌ಬರ್ಗಿನಲ್ಲಿ ಕೂತು ತೊರಕೆ ಎಣಿಸುವಾಕೆ

ಬೆಳಗಿನ ಐದೂಕಾಲು. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿ. ಶಾಮ್‌ಬರ್ಗಿನ ಅಪಾರ್ಟ್‌ಮೆಂಟಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತ ನೀಲಾಂಬಿಕಾ ಮಾತ್ರ ಬೆವರುತ್ತಿದ್ದಾರೆ. ಯುರೋಪಿನಲ್ಲಿ ಈಗ ಶುಕ್ರವಾರ ಮಧ್ಯಾಹ್ನ. ಎಷ್ಟು ಮೀನು ಹಿಡಿಯಬಹುದೆಂದು ಸಲಹೆ ಕೊಡುವ ಅಲ್ಲಿನ ಕಚೇರಿ ಇಲ್ಲಿಯ ಏಳು ಗಂಟೆಗೆ ಬಾಗಿಲು ಹಾಕುತ್ತದೆ. ಅಷ್ಟರೊಳಗೆ ಅವರು ತಮ್ಮದೊಂದು ತಪ್ಪನ್ನು ಹೇಳಬೇಕೋ ಬೇಡವೋ ತೀರ್ಮಾನಿಸಬೇಕು.

ತೊರಕೆ ಎಂದರೆ ರೆಕ್ಕೆಯಂತೆ ಅಗಲ ಮೈಯ, ಉದ್ದ ಬಾಲದ ಮೀನು. ಫ್ರಾನ್ಸಿನಲ್ಲಿ ಅದರ ರೆಕ್ಕೆಯನ್ನು ಬೆಣ್ಣೆಯಲ್ಲಿ ಹುರಿದು ತಿನ್ನುತ್ತಾರೆ. ಯಾವ ದೇಶದ ದೋಣಿಗಳು ಎಷ್ಟು ಟನ್ ಹಿಡಿದವು ಎಂಬ ಮಾಹಿತಿ ಹನ್ನೊಂದು ದೇಶಗಳಿಂದ ಇವರ ಕಂಪನಿಗೆ ಬರುತ್ತದೆ, ಒಂದೊಂದು ದೇಶದ್ದು ಒಂದೊಂದು ನಮೂನೆ. ದಿನಕ್ಕೆ ನಾನೂರು ಸಾಲು ತಿದ್ದಿ ಒಂದೇ ಪಟ್ಟಿಗೆ ತರುವುದು ಗದಗಿನ ಈ ಲಿಂಗಾಯತ ಹೆಣ್ಣುಮಗಳ ಆರು ವರ್ಷದ ಕಾಯಕ. ಮುಂದಿನ ವರ್ಷ ಎಷ್ಟು ಹಿಡಿಯಬಹುದೆಂಬ ಸಲಹೆ ಆ ಪಟ್ಟಿಯ ಮೇಲೆ ನಿಂತಿದೆ.

“ಮೀನ ಮುಟ್ಟಿಲ್ರೀ, ಮೂಸಿಲ್ಲ,” ಎಂದು, ಅವರ ಕೆಲಸದ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕೂತ ನನ್ನತ್ತ ನೋಡಿ ನಗುತ್ತಾರೆ. “ಆದ್ರ ನಂಬರ್ ಇಳಿದ್ರ ಆ ದಿನ ಊಟ ಸೇರಂಗಿಲ್ಲ.”

ಹೋದ ವರ್ಷ ಒಂದು ಬಂದರು ಇಡೀ ಮೀನಿನ ಬದಲು ಕತ್ತರಿಸಿದ ರೆಕ್ಕೆಗಳ ತೂಕವನ್ನಷ್ಟೇ ಕಳಿಸಿತ್ತು. ಅಡಿಯಲ್ಲಿ ಸಣ್ಣಕ್ಷರದಲ್ಲಿ ಹಾಗೆಂದು ಬರೆದೂ ಇತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವ ನೀಲಾಂಬಿಕಾ ಅದೊಂದನ್ನು ನೋಡಲಿಲ್ಲ. ರೆಕ್ಕೆಯ ತೂಕ ಮೀನಿನ ಅರ್ಧವೂ ಇರುವುದಿಲ್ಲ. ಹೀಗಾಗಿ ಅಲ್ಲಿ ಮೀನುಗಾರಿಕೆಯೇ ತಗ್ಗಿದಂತೆ ಪಟ್ಟಿಯಲ್ಲಿ ಕಂಡಿತು. ಹಾಗಿದ್ದರೆ ಸಮುದ್ರದಲ್ಲಿ ಮೀನು ಸಾಕಷ್ಟು ಉಳಿದಿದೆ, ಇನ್ನಷ್ಟು ಹಿಡಿಯಲಿ ಎಂಬ ಸಲಹೆಗೆ ಇವತ್ತು ಮುದ್ರೆ ಬೀಳಲಿದೆ. ತಪ್ಪು ಗೊತ್ತಾದದ್ದು ನಿನ್ನೆ ಸಂಜೆ.

ಮುಂದಿನ ತಿಂಗಳು ಅವರ ಕಾಂಟ್ರ್ಯಾಕ್ಟ್ ರಿನ್ಯೂ ಆಗಬೇಕು. ಮನೆಯವರೆಲ್ಲರ ವೀಸಾ ಅದಕ್ಕೇ ಜೋತುಬಿದ್ದಿದೆ. “ಯಾರೂ ನೋಡಿಲ್ಲಲ್ಲ. ರಿನ್ಯೂ ಆದಮ್ಯಾಲ ಹೇಳಿದ್ರಾತು,” ಎನ್ನುತ್ತಾರೆ ಗಂಡ ಸ್ವರೂಪ, ಚಹಾ ಲೋಟ ಮುಂದಿಡುತ್ತ. ಒಂದು ಗಳಿಗೆ ನನಗೂ ಅದೇ ಸರಿ ಎನಿಸಿತು. ಆಮೇಲೆ ನಾಚಿಕೆಯಾಯಿತು.

“ಇವು ದೊಡ್ಡವಾಗಿ ಸಂತಾನ ಮಾಡಾಕ ಬಾಳ ವರ್ಷ ಬೇಕ್ರಿ,” ಎನ್ನುತ್ತಾರೆ ನೀಲಾಂಬಿಕಾ. “ಒಮ್ಮಿ ಜಾಸ್ತಿ ಹಿಡದ್ರ ಮುಂದಿನ ತಿಂಗಳು ‘ಸಾರಿ’ ಅಂದ್ರ ತಿರುಗಿ ಬರ್ತಾವೇನು?”

ಏಳಕ್ಕೆ ಹತ್ತು ನಿಮಿಷವಿದೆ. ‘ತಪ್ಪು ನನ್ನದು’ ಎಂದು ಮೊದಲ ಸಾಲಿನಲ್ಲೇ ಬರೆದು, ಸರಿಪಡಿಸಿದ ಪಟ್ಟಿ ಸೇರಿಸಿ, ಮೇಲ್ ಕಳಿಸುತ್ತಾರೆ. ಏಳಾಗುತ್ತದೆ, ಏಳೂಕಾಲಾಗುತ್ತದೆ. ಉತ್ತರವಿಲ್ಲ. ಅವರು ಇವತ್ತಿನ ಸಾಲುಗಳನ್ನು ತೆರೆದು ತಿದ್ದತೊಡಗುತ್ತಾರೆ.

“ಕೆಲಸ ಹೋದ್ರ ಹೋಗ್ಲಿ ಅನ್ನೋವಷ್ಟು ಗಟ್ಟಿ ಇಲ್ರೀ ನಾ. ಉಳೀಬೇಕು,” ಎನ್ನುತ್ತಾರೆ ಮೆಲ್ಲಗೆ. “ಈ ಕೆಲಸ ನನಗ ಚಲೋ ಬರ್ತದ.”