ಬಟ್ಟೆ ತೊಟ್ಟ ಕಾರು

ನಮ್ಮ ಕಾರು ನೋಡಲು ಬಂದವರೆಲ್ಲ ಮೊದಲು ಹೇಳುವುದು ಒಂದೇ ಮಾತು: “ಕವರ್ ತೆಗೀರಿ, ನೋಡೋನು.”

“ತೆಗದ್ರ ಒಳಗ ಬರೇ ಕಟ್ಟಿಗಿ ಐತ್ರಿ” ಅನ್ನುತ್ತೇನೆ.

ಸುಳ್ಳಲ್ಲ. ಅದರ ಮೈಯೇ ಬಟ್ಟೆಯದು. ನೂರು ವರ್ಷದ ಹಿಂದೆ ಯುರೋಪಿನ ಸಿರಿವಂತರಿಗೆ ಕಾರಿನ ಗಡಗಡ ಸದ್ದು ಸಾಕಾಗಿತ್ತಂತೆ. ಕಟ್ಟಿಗೆಯ ಚೌಕಟ್ಟಿಗೆ ಹತ್ತಿಯ ಮೆತ್ತೆ ಕೊಟ್ಟು, ಮೇಲೆ ಮೆರುಗಿನ ಬಟ್ಟೆ ಬಿಗಿದು ಓಡಾಡಿದರು. ರಸ್ತೆ ಕುಣಿದರೆ ಈ ಮೈ ತಾನೂ ಒಂದಿಷ್ಟು ಬಾಗುತ್ತದೆ, ಆದರೆ ಗೊಣಗುವುದಿಲ್ಲ. ಮನುಷ್ಯರಲ್ಲೂ ಇಂಥವರು ಅಪರೂಪ. ಸಂಡೂರಿನ ಹಳೆಯ ಬಂಗಲೆಯೊಂದರಲ್ಲಿ ಗುಜರಿಯವನೂ ಒಲ್ಲೆನೆಂದು ಬಿಟ್ಟುಹೋದ ಇಂಥದೊಂದು ಕಾರನ್ನು ನಮ್ಮ ಮಾವನವರು ಟ್ರ್ಯಾಕ್ಟರಿಗೆ ಕಟ್ಟಿ ಗಾದಿಗನೂರಿಗೆ ಎಳೆತಂದಿದ್ದರು. ಅವರ ನಂತರ ಅದರ ಮೇಲಿನ ಅದಿರಿನ ಕೆಂಪು ಧೂಳು ಒರೆಸುವ ಕೆಲಸ ನನ್ನದಾಯಿತು.

ಈ ಮಳೆಗಾಲದಲ್ಲಿ ಹಿಂಬದಿಯ ಬಟ್ಟೆ ಸೀಳಿತು. ಮೈದುನ ಮಂಜುನಾಥನಿಗೆ ಅಷ್ಟೇ ಸಾಕಾಯಿತು. ಹಂಪಿಯಲ್ಲಿ ಮದುವೆಗೆ ಮುಂಚೆ ಫೋಟೋ ತೆಗೆಸುವವರಿಗೆ ಕಾರನ್ನು ಬಾಡಿಗೆಗೆ ಬಿಡುವ ಆಸೆ ಅವನದು. “ಹರಕು ಬಟ್ಟಿ ಕಾರಿನ್ಯಾಗ ಯಾರ್ ಕುಂದರ್ತಾರ, ಅತ್ತಿಗಿ? ತಗಡು ಹೊಡಸೋನು” ಅಂದವನೇ ಹೊಸಪೇಟೆಯಿಂದ ತಗಡಿನ ಕೆಲಸದ ರಫೀಕಣ್ಣನನ್ನು ಕರೆತಂದ. ರಫೀಕಣ್ಣ ಬಾಗಿಲಿಗೆ ಬೆರಳಿಂದ ಕುಟ್ಟಿ ನೋಡಿದ.

“ಅಕ್ಕಾರ, ಠಣ್ ಅನ್ನವಲ್ದು. ಇದಕ್ಕ ಜೀವಾನ ಇಲ್ಲ.”

“ಠಣ್ ಅನ್ನೋದ ಜೀವಾ ಆಗಿದ್ರ, ನಮ್ಮ ಕೊಡಪಾನ ತಾನ ಎದ್ದು ಹೋಗಿ ನೀರು ತರ್ತಿತ್ತು.”

ಇಬ್ಬರೂ ನಕ್ಕರು. ತಗಡಿಗೆ ಅಳತೆ ತೆಗೆಯುವುದು ಮಾತ್ರ ನಿಲ್ಲಲಿಲ್ಲ. ಶುಕ್ರವಾರ ಕಾರು ಒಯ್ಯುವುದೆಂದು ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಗುಡ್ಡಗಳನ್ನೇ ಲಾರಿಯಲ್ಲಿ ಹೊತ್ತೊಯ್ಯುವ ಸೀಮೆ ನಮ್ಮದು. ಇಲ್ಲಿ ಎಲ್ಲದಕ್ಕೂ ಕಬ್ಬಿಣವೇ ಮದ್ದು. ಹರಿದದ್ದನ್ನು ಹೊಲಿಯಬೇಕು ಎಂಬುದು ಗಂಡಸರಿಗೆ ಯಾಕೆ ಹೊಳೆಯುವುದಿಲ್ಲವೋ! ಸೀಟ್ ಕವರಿನ ಅಂಗಡಿಯಿಂದ ಕಪ್ಪು ರೆಕ್ಸಿನ್ ತಂದೆ. ದಬ್ಬಣ ಮನೆಯಲ್ಲೇ ಇತ್ತು. ಹಳೆ ಸೀರೆ ಜೋಡಿಸಿದ ಕೌದಿಗೆ ಹಾಕುವಂತೆ ಸಾಲು ಸಾಲು ಹೊಲಿಗೆ ಹಾಕಿದೆ. ಒಂದೆರಡು ಸಾಲು ಸೊಟ್ಟಗಾದವು. ನನ್ನ ಕೌದಿಗಳಲ್ಲೂ ಹಾಗೇ.

ಶುಕ್ರವಾರ ಅವರು ಬಂದಾಗ ಕೊನೆಯ ತೇಪೆ ನಡೆದಿತ್ತು. ನಮ್ಮ ತವರಿನಲ್ಲಿ ಕೌದಿಯ ಬಾಯಿ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿ ಚೂರು ಇಡುವ ರೂಢಿ. ಹೊಟ್ಟೆ ತುಂಬಿದ ಕೌದಿಯೇ ಹೊದ್ದವರನ್ನು ಬೆಚ್ಚಗಿಡುವುದು ಎಂದು ನಂಬಿಕೆ. ಕೈ ತನ್ನ ಪಾಡಿಗೆ ಜೋಳದ ರೊಟ್ಟಿಯ ಚೂರನ್ನು ಕಾರಿನ ತೇಪೆಯೊಳಗೆ ತುರುಕುತ್ತಿತ್ತು.

“ಅತ್ತಿಗಿ! ಏನ್ ಮಾಡಾಕತ್ತೀರಿ? ಇಲಿ ಬರ್ತಾವ!”

“ಬರ್ಲಿ. ಬೆಕ್ಕು ಸಾಕ್ತೀನಿ. ತಗಡು ಮಾತ್ರ ಹೊಡಸಂಗಿಲ್ಲ.”

ರಫೀಕಣ್ಣ ಮಂಜುನಾಥನ ಮುಖ ನೋಡಿದ, ಮಂಜುನಾಥ ನನ್ನ ಕೈಯ ದಬ್ಬಣ ನೋಡಿದ. ನಾನು ದಾರ ಕಡಿದು, ಷೆಡ್ಡಿಗೆ ಬೀಗ ಜಡಿದು, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಮದುಮಕ್ಕಳಿಗೆ ತಗಡಿನ ಕಾರೇ ಬೇಕೆಂದರೆ ಲೋಕದಲ್ಲಿ ಅದಕ್ಕೇನು ಬರವೇ? ನಮ್ಮದು ಮತ್ತೆ ಹರಿಯುತ್ತದೆ, ಗೊತ್ತು. ಹರಿಯಲಿ, ಹೊಲಿಯುವವಳು ಇನ್ನೂ ಇದ್ದಾಳೆ.